ಬಂಪರ್ ಬರ್ತಿಲ್ವಾ? ಜಗ್ಗಬೇಡಿ, ಹುಡುಕಿ

"ಕಾಕಾ, ಎಲ್ಲಾ ಬಿಚ್ಚೀನಿ. ಆದ್ರೂ ಇದು ಬರಲಿಕ್ಕೇ ತಯಾರಿಲ್ಲ."

ಅಣ್ಣನ ಮಗ ಕಾರಿನ ಮುಂದಿನ ಬಂಪರಿನ ಮೂಲೆ ಹಿಡಿದು, ಒಂದು ಕಾಲು ಟೈರಿಗೆ ಕೊಟ್ಟು ನಿಂತಿದ್ದ. ಇನ್ನೇನು ಜೋರಾಗಿ ಜಗ್ಗಬೇಕು, ನಾನು ಚಹಾದ ಕಪ್ಪು ಕಟ್ಟೆಯ ಮೇಲಿಟ್ಟು ಓಡಿದೆ. "ಜಗ್ಗಬ್ಯಾಡೋ! ಎಲ್ಲ್ಯೋ ಒಂದು ಉಳದದ ನೋಡು."

ಉಳಿದಿತ್ತು. ಚಕ್ರದ ಗೂಡಿನ ಮೇಲ್ತುದಿಯಲ್ಲಿ, ಮಣ್ಣಿನಲ್ಲಿ ಮುಚ್ಚಿಹೋಗಿದ್ದ ಒಂದು ಸ್ಕ್ರೂ. ಅದನ್ನು ಬಿಚ್ಚಿದ ಮೇಲೆ ಎರಡು ಬೆರಳಿಗೆ ಬಂಪರ್ ಬಂತು. ನಾಲ್ಕು ವರ್ಷದ ಹಿಂದೆ ಇದೇ ಸ್ಕ್ರೂ ಮರೆತು ನಾನು ಜಗ್ಗಿದ್ದೆ. ಟಕ್ ಅಂತ ಒಂದು ಸಣ್ಣ ಸದ್ದು ಬಂದಿತ್ತು, ಅಷ್ಟೇ. ಒಳಗಿನ ಹಿಡಿಕೆಯ ಹಲ್ಲು ಮುರಿದಿತ್ತು. ಬಂಪರ್ ಬಿಚ್ಚುವಾಗ ಆಗುವ ಹಾನಿ ಬಹುಪಾಲು ಹೀಗೇ ಆಗೋದು. ಅಪಘಾತದಲ್ಲಿ ಉಳಿದದ್ದನ್ನು ನಾವು ಕೈಯಾರೆ ಮುರಿಯುತ್ತೇವೆ.

ನಮ್ಮದು ಕೆಎ 32, ಅಂದರೆ ಕಲಬುರಗಿ ನಂಬರಿನ ಹಳೇ ಹ್ಯಾಚ್‌ಬ್ಯಾಕ್. ರಾತ್ರಿ ಜೇವರ್ಗಿ ರಸ್ತೆಯಲ್ಲಿ ಬಣ್ಣ ಹಚ್ಚದ ಒಂದು ಹಂಪ್ ಕಾಣಲಿಲ್ಲ. ದಡಕ್ ಅಂತ ಇಳಿಯಿತು. ಬೆಳಿಗ್ಗೆ ನೋಡಿದರೆ ಮುಂದಿನ ಬಂಪರಿನ ಎಡ ಮೂಲೆ ಜೋತುಬಿದ್ದಿತ್ತು. ಫೆಂಡರಿಗೂ (ಚಕ್ರದ ಮೇಲಿನ ತಗಡು) ಬಂಪರಿಗೂ ನಡುವೆ ಕಿರುಬೆರಳು ಹೋಗುವಷ್ಟು ಸಂದು. ಗಾಡಿ ಓಡಿಸಿದರೆ ಕಟಕಟ ಸದ್ದು. ಒಂದು ಡೆಂಟಿಂಗ್ ಅಂಗಡಿಯಲ್ಲಿ ನಿಂತಲ್ಲೇ ತೀರ್ಪು ಕೊಟ್ಟರು: ಬಂಪರ್ ಹೊಸದು ಹಾಕಬೇಕು, ಬಣ್ಣ ಬೇರೆ. ಬಗ್ಗಿಯೂ ನೋಡಿರಲಿಲ್ಲ.

ಬಿಚ್ಚುವ ಮೊದಲು ಕೈ ಇಟ್ಟು ನೋಡಿ

ಸ್ಪ್ಯಾನರ್ ತೆಗೆಯುವ ಮೊದಲು ಐದು ನಿಮಿಷ ಕೈಯಿಂದಲೇ ಪರೀಕ್ಷೆ ಮಾಡಿ. ಅರ್ಧ ರೋಗ ಇಲ್ಲೇ ಗೊತ್ತಾಗುತ್ತದೆ.

ಜೋತುಬಿದ್ದ ಮೂಲೆಯನ್ನು ಚಕ್ರದ ಹತ್ತಿರ ಅಂಗೈಯಿಂದ ಒಳಕ್ಕೆ ಒತ್ತಿ. ಕ್ಲಿಕ್ ಅಂತ ಕೂತು ಅಲ್ಲೇ ನಿಂತರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಬರೀ ಹಲ್ಲು ಜಾರಿತ್ತು, ಕೆಲಸ ಮುಗಿಯಿತು. ಕೂತಂತೆ ಮಾಡಿ ಕೈ ಬಿಟ್ಟ ಕೂಡಲೇ ಹೊರಗೆ ಬಂದರೆ ಫೆಂಡರಿನ ಒಳಗಿದ್ದು ಮೂಲೆಯನ್ನು ಹಿಡಿದಿಡುವ ಪ್ಲಾಸ್ಟಿಕ್ ಬ್ರ್ಯಾಕೆಟ್ ಮುರಿದಿದೆ, ಇಲ್ಲವೇ ಅದರ ಸ್ಕ್ರೂ ಬಿದ್ದಿದೆ. ಒತ್ತಿದರೆ ಕೂರುವುದೇ ಇಲ್ಲ, ಏನೋ ಅಡ್ಡ ಬರುತ್ತದೆ ಅಂದರೆ ಒಳಗೆ ಏನಾದರೂ ಬಾಗಿರಬಹುದು.

ಈಗ ಬಂಪರಿನ ನಡು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಇಡೀ ಬಂಪರ್ ಅಲ್ಲಾಡಿದರೆ ಮೇಲಿನ ಸಾಲಿನ ಬೋಲ್ಟು, ಕ್ಲಿಪ್ಪು ಸಡಿಲವಾಗಿವೆ. ಅದಕ್ಕೆ ಬಂಪರ್ ಬಿಚ್ಚೋದೇ ಬೇಡ, ಬಾನೆಟ್ ಎತ್ತಿ ಬಿಗಿ ಮಾಡಿದರೆ ಆಯಿತು. ಸದ್ದು ಕೆಳಗಿನಿಂದ ಬರುತ್ತಿದ್ದರೆ ಎಂಜಿನ್ ಅಡಿಯ ಕಪ್ಪು ಅಂಡರ್ ಕವರ್ ನೋಡಿ. ನಮ್ಮ ಕಡೆ ಹೊಲದ ದಾರಿಗೆ ಗಾಡಿ ಇಳಿಸುವವರಿಗೆ ಅದರ ಕ್ಲಿಪ್ಪು ಒಂದಾದರೂ ಕಳೆದಿರುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗ ಮಾತ್ರ ಸರ್ ಸರ್ ಅಂದರೆ ಚಕ್ರದ ಗೂಡಿನ ಲೈನರ್ (ಒಳಗಿನ ಪ್ಲಾಸ್ಟಿಕ್ ಹೊದಿಕೆ) ಜೋತು ಟೈರಿಗೆ ತಾಗುತ್ತಿದೆ. ಅದನ್ನು ಮಾತ್ರ ಇವತ್ತೇ ಸರಿ ಮಾಡಿ, ನಾಳೆಗೆ ಬಿಡಬೇಡಿ.

ಇನ್ನೊಂದು, ನಂಬರ್ ಪ್ಲೇಟ್ ಮೇಲೆ ಗೆಣ್ಣಿನಿಂದ ಕುಟ್ಟಿ ನೋಡಿ. ನಗಬೇಡಿ. ಕಟಕಟ ಅನ್ನುವ ಎಷ್ಟೋ "ಬಂಪರ್ ಸದ್ದು" ಪ್ಲೇಟಿನದ್ದೇ ಆಗಿರುತ್ತದೆ. ಪ್ಲೇಟಿನ ಹಿಂದೆ ಎರಡು ತುಂಡು ಫೋಮ್ ಟೇಪ್ ತುರುಕಿದರೆ ಸಾಕು. ಆದರೆ ಹೈ ಸೆಕ್ಯುರಿಟಿ ಪ್ಲೇಟಿನ ಲಾಕ್ ಕೀಳಲು ಹೋಗಬೇಡಿ. ಅದು ಒಮ್ಮೆ ಕಿತ್ತರೆ ಮತ್ತೆ ಕೂರಲ್ಲ, ಹಾಗೇ ಮಾಡಿರುವುದು. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳೆಲ್ಲ ಇದೇ ಪ್ಲೇಟಿನೊಂದಿಗೆ ಬರುತ್ತಿವೆ. ಬಂಪರ್ ಬಿಚ್ಚುವಾಗ ಪ್ಲೇಟ್ ಅದರ ಜೊತೆಗೇ ಬರುತ್ತದೆ, ಬೇರೆ ತೆಗೆಯಬೇಕಿಲ್ಲ.

ಮನೆಯಲ್ಲಿ ಮುಟ್ಟಬಾರದ ಗಾಡಿ

ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪ ಉರಿಯುತ್ತಲೇ ಇದ್ದರೆ, ಬಂಪರಿನ ಹಿಂದಿನ ಉಕ್ಕಿನ ಪಟ್ಟಿ ಬಾಗಿದಂತೆ ಕಂಡರೆ, ರೇಡಿಯೇಟರ್ ಸೋರುತ್ತಿದ್ದರೆ ಗ್ಯಾರೇಜಿಗೆ ಒಯ್ಯಿರಿ. ಈಗಿನ ಕೆಲವು ಗಾಡಿಗಳಲ್ಲಿ ತಾನೇ ಬ್ರೇಕ್ ಹಾಕುವ ರೇಡಾರ್ ಇರುತ್ತದೆ, ಮುಂದಿನ ಲೋಗೋ ಅಥವಾ ಗ್ರಿಲ್ ಹಿಂದೆ. ಅದು ಸ್ವಲ್ಪ ಓರೆಯಾದರೂ ಲೆಕ್ಕ ತಪ್ಪುತ್ತದೆ. ಅಂಥ ಗಾಡಿಯ ಬಂಪರ್ ನಾನಂತೂ ಮುಟ್ಟಲ್ಲ.

ಇನ್ಶೂರೆನ್ಸ್ ಕ್ಲೇಮ್ ಮಾಡುವ ಯೋಚನೆ ಇದೆಯಾ? ಹಾಗಾದರೆ ಒಂದು ಸ್ಕ್ರೂ ಕೂಡ ಬಿಚ್ಚಬೇಡಿ. ಮೊದಲು ಕಂಪನಿಗೆ ತಿಳಿಸಿ, ಫೋಟೋ ತೆಗೆದಿಡಿ, ಸರ್ವೇಯರ್ ನೋಡಲಿ. ಬಿಚ್ಚಿದ ಮೇಲೆ "ಇದು ಹಂಪಿನಿಂದಲೇ ಆದದ್ದು" ಅಂತ ಸಾಬೀತು ಮಾಡೋದು ತಲೆನೋವು.

ಸಾಮಾನು

ಹತ್ತು ನಂಬರಿನ ಸಾಕೆಟ್ ಮತ್ತು ರ‍್ಯಾಚೆಟ್, ದಪ್ಪ ತುದಿಯ ಪ್ಲಸ್ ಸ್ಕ್ರೂ ಡ್ರೈವರ್, ತೆಳು ತುದಿಯ ಮೈನಸ್ ಒಂದು. ನಮ್ಮಲ್ಲಿ ಓಡುವ ಹೆಚ್ಚಿನ ಸಣ್ಣ ಕಾರುಗಳಿಗೆ ಇಷ್ಟು ಸಾಕು. ಯುರೋಪಿನ ಕಂಪನಿಗಳ ಗಾಡಿಗೆ ನಕ್ಷತ್ರದಂತಹ ತುದಿಯ ಟಾರ್ಕ್ಸ್ ಬಿಟ್ ಬೇಕಾಗುತ್ತದೆ. ಫೆಂಡರಿನ ಅಂಚಿಗೆ ಹಚ್ಚಲು ಮಾಸ್ಕಿಂಗ್ ಟೇಪ್. ಬಿಚ್ಚಿದ ಬಂಪರ್ ಮಲಗಿಸಲು ಒಂದು ಹಳೇ ಕೌದಿ. ಶಹಾಬಾದ್ ಕಲ್ಲಿನ ಅಂಗಳದ ಮೇಲೆ ಹಾಗೇ ಇಟ್ಟರೆ ಬಣ್ಣಕ್ಕೆ ಗೀರು ಖಂಡಿತ. ಜೊತೆಗೆ ಏಳೆಂಟು ಹೊಸ ಕ್ಲಿಪ್ಪು ತಂದಿಟ್ಟುಕೊಳ್ಳಿ. ಹಳೆಯದೊಂದನ್ನು ಕಿತ್ತು ಅಂಗಡಿಗೆ ಒಯ್ಯಿರಿ, ತೂತಿನ ಅಳತೆ ಗಾಡಿಗೊಂದು ತರಹ ಇರುತ್ತದೆ.

ಇನ್ನೊಂದು ಬಲು ಮುಖ್ಯವಾದ ಸಾಮಾನು, ರಟ್ಟಿನ ಹಾಳೆ. ಅದರ ಮೇಲೆ ಬಂಪರಿನ ಚಿತ್ರ ಗೀಚಿ. ಎಲ್ಲಿಂದ ಸ್ಕ್ರೂ ಬಿಚ್ಚಿದಿರೋ ಚಿತ್ರದಲ್ಲಿ ಅಲ್ಲೇ ತೂತು ಮಾಡಿ ಚುಚ್ಚಿ. ಬಟ್ಟಲಲ್ಲಿ ಎಲ್ಲಾ ಒಟ್ಟಿಗೆ ಹಾಕಿದರೆ ಸಂಜೆ ಉದ್ದದ ಸ್ಕ್ರೂ ಯಾವ ತೂತಿನದ್ದು ಅಂತ ದೇವರೇ ಹೇಳಬೇಕು. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ತಿರುವಿದರೆ ಫೆಂಡರಿನ ತಗಡು ಉಬ್ಬುತ್ತದೆ.

ಸಮಯದ ಬಗ್ಗೆ ಒಂದು ಮಾತು. ಕಲಬುರಗಿಯ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಕಾರಿನ ತಗಡು ತವೆಯಂತೆ ಕಾದಿರುತ್ತದೆ. ಬೆಳಿಗ್ಗೆ ಏಳಕ್ಕೆ ಶುರು ಮಾಡಿ. ಡಿಸೆಂಬರ್ ಚಳಿಯಲ್ಲಿ ಇದರ ಉಲ್ಟಾ. ಬೆಳಗಿನ ತಂಪಿಗೆ ಪ್ಲಾಸ್ಟಿಕ್ ಸೆಟೆದಿರುತ್ತದೆ, ಕ್ಲಿಪ್ಪು ಹಪ್ಪಳದಂತೆ ಮುರಿಯುತ್ತವೆ. ಗಾಡಿಯ ಮೂತಿಯನ್ನು ಬಿಸಿಲಿಗೆ ಮಾಡಿ ಅರ್ಧ ಗಂಟೆ ಬಿಟ್ಟು ಆಮೇಲೆ ಕೈ ಹಾಕಿ.

ಬಿಚ್ಚುವ ಕ್ರಮ

ಚಾವಿ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಕೆಲವು ನಿಮಿಷ ಬಿಡಿ. ಮುಂದಿನ ಏರ್‌ಬ್ಯಾಗ್ ಸೆನ್ಸರ್ ಬಹಳ ಗಾಡಿಗಳಲ್ಲಿ ರೇಡಿಯೇಟರ್ ಚೌಕಟ್ಟಿನ ಹತ್ತಿರವೇ ಇರುತ್ತದೆ, ಅದಕ್ಕೆ ಈ ಜಾಗ್ರತೆ.

ಬಾನೆಟ್ ಎತ್ತಿ ಗ್ರಿಲ್ ಮೇಲಿನ ಸಾಲಿನ ಬೋಲ್ಟು, ಕ್ಲಿಪ್ಪು ಬಿಚ್ಚಿ. ನಡುವಿನ ಒಂದನ್ನು ಮಾತ್ರ ಸಡಿಲ ಮಾಡಿ ಬಿಟ್ಟಿರಿ. ಕೊನೆಗೆ ಬಂಪರ್ ಧಡ್ ಅಂತ ಕಾಲ ಮೇಲೆ ಬೀಳಬಾರದಲ್ವಾ? ಆಮೇಲೆ ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ, ಚಕ್ರದ ಗೂಡಿನ ಮುಂಭಾಗದ ಸ್ಕ್ರೂ ಬಿಚ್ಚಿ. ಇನ್ನೊಂದು ಕಡೆಗೂ ಹಾಗೇ. ಸ್ಟಿಯರಿಂಗ್ ಲಾಕ್ ಆಗುವ ಗಾಡಿಯಾದರೆ ಚಾವಿ ತೆಗೆಯುವ ಮುಂಚೆಯೇ ಒಂದು ಕಡೆ ತಿರುಗಿಸಿಟ್ಟುಕೊಳ್ಳಿ. ನಂತರ ಕೆಳಗಿನ ಸಾಲು.

ಕೆಳಗಿನದಕ್ಕೆ ಗಾಡಿ ಎತ್ತಲೇಬೇಕು ಅಂತಿಲ್ಲ, ಅಂಗಾತ ಮಲಗಿದರೆ ಕೈ ಮುಟ್ಟುತ್ತದೆ. ಎತ್ತುವುದಾದರೆ ಜಾಕ್ ಒಂದನ್ನೇ ನಂಬಿ ಅಡಿಗೆ ಹೋಗಬೇಡಿ, ಸ್ಟ್ಯಾಂಡ್ ಇಡಿ. ಅಂಗಳದ ಶಹಾಬಾದ್ ಕಲ್ಲಿನ ಅಡಿ ಎಷ್ಟೋ ಕಡೆ ಟೊಳ್ಳಿರುತ್ತದೆ. ಕುಟ್ಟಿದರೆ ಡೊಳ್ಳಿನ ಸದ್ದು ಬರುತ್ತಲ್ಲ, ಅಲ್ಲಿ ಭಾರ ಬಿದ್ದರೆ ಹಾಸು ಒಡೆದು ಸ್ಟ್ಯಾಂಡ್ ವಾಲುತ್ತದೆ. ಕೆಳಗೆ ದಪ್ಪ ಹಲಗೆ ಇರಲಿ.

ಎಲ್ಲಿ ಸಿಕ್ಕಿಕೊಳ್ಳುತ್ತದೆ

ಮೇಲಿನದ್ದೆಲ್ಲ ಹೇಳಿದಷ್ಟು ಸಲೀಸಾಗಿ ಆಗಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಮೊದಲ ತೊಂದರೆ ಕ್ಲಿಪ್ಪಿನದ್ದು. ಕ್ಲಿಪ್ಪಿನಲ್ಲಿ ಎರಡು ಭಾಗ, ಹೊರಗಿನ ಕೊರಳು ಮತ್ತು ನಡುವಿನ ಪಿನ್ನು. ಪಿನ್ನಿನ ತಲೆಯ ಅಂಚಿನಲ್ಲಿ ಉಗುರು ಹೋಗುವಷ್ಟು ಸಂದು ಇದ್ದರೆ ಅದನ್ನು ಮೇಲಕ್ಕೆ ಎಬ್ಬಿಸಬೇಕು. ತಲೆ ಚಪ್ಪಟೆಯಾಗಿ ನಡುವೆ ಸಣ್ಣ ಕುಳಿ ಇದ್ದರೆ ಒಳಕ್ಕೆ ಒತ್ತಬೇಕು, ಒಂದೆರಡು ಮಿಲಿಮೀಟರ್ ಅಷ್ಟೇ. ಎಬ್ಬಿಸಬೇಕಾದದ್ದನ್ನು ಒತ್ತಿದರೆ, ಒತ್ತಬೇಕಾದದ್ದನ್ನು ಎಬ್ಬಿಸಿದರೆ ಎರಡೂ ಹಾಳು. ಮೂರನೆಯ ಜಾತಿಗೆ ಪ್ಲಸ್ ಗುರುತು ಇರುತ್ತದೆ. ಅದು ಸುಮ್ನೆ ಸುತ್ತುತ್ತಲೇ ಇರುತ್ತದೆ, ಮೇಲೆ ಬರಲ್ಲ. ತಲೆಯ ಅಡಿಗೆ ಮೈನಸ್ ತುದಿ ಕೊಟ್ಟು ಸ್ವಲ್ಪ ಎತ್ತಿ ಹಿಡಿದು ಸುತ್ತಿ, ಎದ್ದು ಬರುತ್ತದೆ.

ನಮ್ಮ ಕಡೆಯ ಗಾಡಿಗೆ ಇದರ ಜೊತೆ ಎರೆ ಮಣ್ಣಿನ ಕಾಟ ಬೇರೆ. ಮಳೆಗಾಲದಲ್ಲಿ ಚಕ್ರದ ಗೂಡಿಗೆ ಮೆತ್ತಿಕೊಂಡ ಎರೆ, ಬೇಸಿಗೆಗೆ ಸಿಮೆಂಟಿನಂತಾಗುತ್ತದೆ. ಕ್ಲಿಪ್ಪಿನ ಪಿನ್ನು ಕೊರಳಿನೊಳಗೆ ಅಂಟಿ ಕೂರುತ್ತದೆ. ಹಿಂದಿನ ದಿನ ಸಂಜೆಯೇ ಗೂಡಿಗೆ ಜೋರಾಗಿ ನೀರು ಬಿಟ್ಟು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದು ಕ್ಲಿಪ್ಪಿನ ತಲೆಯನ್ನೂ ತಿಕ್ಕಿ. ಮರೆತ ಸ್ಕ್ರೂಗಳು ಕಣ್ಣಿಗೆ ಬೀಳೋದೂ ಆಗಲೇ. ಅಣ್ಣನ ಮಗ ಈ ಹೆಜ್ಜೆ ಹಾರಿಸಿದ್ದ.

ಎರಡನೆಯದು ಸ್ಕ್ರೂ ಸುತ್ತುತ್ತದೆ, ಬರಲ್ಲ. ಗೂಡಿನ ಸ್ಕ್ರೂಗಳ ಹಿಂದೆ ಬಹಳ ಸಲ ತಗಡಿನ ಮಡಿಕೆ ನಟ್ಟು ಇರುತ್ತದೆ, ಕಾಗದಕ್ಕೆ ಸಿಗಿಸುವ ಕ್ಲಿಪ್ಪಿನಂತೆ. ಅದು ತನ್ನ ಜಾಗ ಬಿಟ್ಟರೆ ಸ್ಕ್ರೂ ಜೊತೆಗೇ ತಿರುಗುತ್ತದೆ. ಲೈನರನ್ನು ಸ್ವಲ್ಪ ಸರಿಸಿ ಹಿಂದಿನಿಂದ ಇಕ್ಕಳದಲ್ಲಿ ಆ ನಟ್ಟನ್ನು ಹಿಡಿಯಿರಿ, ಇನ್ನೊಬ್ಬರು ಮುಂದಿನಿಂದ ತಿರುಗಿಸಲಿ. ತುಕ್ಕು ಹಿಡಿದಿದ್ದರೆ ಸ್ಪ್ರೇ ಎಣ್ಣೆ ಹಾಕಿ ಕಾಲು ಗಂಟೆ ಸುಮ್ಮನಿರಿ. ಆ ಕಾಲು ಗಂಟೆ ಕಾಯಲಾರದೆ ಪ್ಲಸ್ ಗುರುತನ್ನು ಗುಂಡಗೆ ಮಾಡಿಕೊಂಡವರು ಎಷ್ಟೋ ಜನ. ಹಾಗಾಗಿದ್ದರೆ ಸ್ಕ್ರೂ ತಲೆಯ ಮೇಲೆ ಅಗಲ ರಬ್ಬರ್ ಬ್ಯಾಂಡ್ ಇಟ್ಟು, ಸ್ಕ್ರೂ ಡ್ರೈವರನ್ನು ಮೈಭಾರ ಹಾಕಿ ಒತ್ತಿ ತಿರುಗಿಸಿ ನೋಡಿ.

ಮೂರನೆಯದೇ ದೊಡ್ಡದು, ಮೂಲೆ ಬರಲ್ಲ. ಇಲ್ಲಿ ಎರಡೇ ಪ್ರಶ್ನೆ. ಅಡಗಿದ ಸ್ಕ್ರೂ ಬಿಚ್ಚಿದ್ದೀರಾ? ಜಗ್ಗುವ ದಿಕ್ಕು ಸರಿಯಿದೆಯಾ?

ಅಡಗಿದ ಸ್ಕ್ರೂ ಇರೋದು ಬಂಪರ್ ಮತ್ತು ಫೆಂಡರ್ ಕೂಡುವ ಮೂಲೆಯ ಒಳಗೆ. ಎಷ್ಟೋ ಗಾಡಿಗಳಲ್ಲಿ ಅದನ್ನು ಕೆಳಗಿನಿಂದ ಮೇಲಕ್ಕೆ ತಿರುವಿರುತ್ತಾರೆ. ನಿಂತರೆ ಕಾಣಲ್ಲ, ಕೂತರೂ ಕಾಣಲ್ಲ. ಲೈನರನ್ನು ಮಡಚಿ ಮೊಬೈಲ್ ಟಾರ್ಚ್ ಬಿಟ್ಟು, ತಲೆಯನ್ನು ಟೈರಿನ ಪಕ್ಕ ತಂದು ಮೇಲಕ್ಕೆ ನೋಡಬೇಕು. ಅದಕ್ಕಿಂತ ಸುಲಭ ಬೆರಳು. ಸಂದಿನ ಒಳಗೆ ತೋರುಬೆರಳು ಆಡಿಸಿದರೆ ಆರು ಮೂಲೆಯ ತಲೆಯೊಂದು ತಾಗುತ್ತದೆ.

ದಿಕ್ಕಿನ ಮಾತಿಗೆ ಬಂದರೆ, ಬಂಪರನ್ನು ಮುಂದಕ್ಕೆ ಜಗ್ಗಬೇಕು ಅಂತ ಎಲ್ಲರಿಗೂ ಅನ್ನಿಸುತ್ತದೆ. ಮೂಲೆಯನ್ನು ಮುಂದಕ್ಕಲ್ಲ, ಪಕ್ಕಕ್ಕೆ ಬಿಡಿಸಬೇಕು. ಬ್ರ್ಯಾಕೆಟ್ಟಿನಲ್ಲಿ ಸಾಲಾಗಿ ಹಲ್ಲುಗಳಿವೆ. ಬಂಪರಿನ ಅಂಚಿನ ತೂತುಗಳು ಅದಕ್ಕೆ ಸಿಕ್ಕಿಕೊಂಡಿರುತ್ತವೆ. ಚಕ್ರದ ಕಡೆಯ ತುದಿಯನ್ನು ಹಿಡಿದು ನಿಮ್ಮ ಕಡೆಗೆ, ಗಾಡಿಯಿಂದ ಹೊರಕ್ಕೆ, ಸಣ್ಣ ಸಣ್ಣದಾಗಿ ಜಗ್ಗಿ. ಪಟ್, ಪಟ್, ಪಟ್ ಅಂತ ಒಂದೊಂದೇ ಬಿಡುತ್ತವೆ, ಹಸಿ ತೊಗರಿಕಾಯಿ ಸುಲಿದಂತೆ. ಆ ಸದ್ದು ಕೇಳಿ ಹೆದರಬೇಡಿ, ಅದು ಒಳ್ಳೆಯ ಸದ್ದು. ಟಕ್ ಅಂತ ಒಂದೇ ಸಲ ಬಂದರೆ ಮಾತ್ರ ಹೆದರಬೇಕು. ಹಲ್ಲು ಬಿಡುತ್ತಿಲ್ಲ, ಬದಲಿಗೆ ಬಂಪರಿನ ಮೈ ಬಾಗುತ್ತಿದೆ ಅಂದರೆ ಕೈ ಬಿಡಿ. ಮತ್ತೆ ಹುಡುಕಿ.

ಎರಡೂ ಮೂಲೆ ಬಂದು ನಡು ಮಾತ್ರ ನಿಂತರೆ ಹೆಡ್‌ಲೈಟಿನ ಅಡಿಯ ಕೊಕ್ಕೆ ನೋಡಿ. ಅಲ್ಲಿ ಮುಂದಕ್ಕೆ ಜಗ್ಗುವ ಮುಂಚೆ ಸ್ವಲ್ಪ ಎತ್ತಬೇಕು, ಇಲ್ಲವೇ ಕೊಕ್ಕೆಯ ನಾಲಿಗೆ ಒತ್ತಬೇಕು. ಕೆಲವು ಗಾಡಿಗಳಲ್ಲಿ ಗ್ರಿಲ್ಲಿನೊಳಗೆ ಒಂದು ಬೋಲ್ಟು ಇರುತ್ತದೆ.

ಎಲ್ಲಾ ಬಂದೂ ಬಂಪರ್ ಒಂದು ಕಡೆ ನೇತಾಡಿದರೆ ತಂತಿ. ಫಾಗ್ ಲ್ಯಾಂಪಿನ ಕನೆಕ್ಟರ್ ಅಲ್ಲಿರುತ್ತದೆ. ಅದರ ಲಾಕನ್ನು ಒತ್ತಿ ಹಿಡಿದು ಕನೆಕ್ಟರಿನ ಮೈ ಹಿಡಿದು ಜಗ್ಗಿ, ತಂತಿ ಹಿಡಿದಲ್ಲ. ಅದಕ್ಕೇ ಬಂಪರನ್ನು ಒಮ್ಮೆಲೇ ದೂರ ಒಯ್ಯಬಾರದು. ಒಂದು ಗೇಣು ಮುಂದೆ ತಂದು ಹಿಂದೆ ಇಣುಕಿ ನೋಡಬೇಕು.

ಹೊರಗಿನಿಂದ ಹಾಕಿಸಿದ ಕಬ್ಬಿಣದ ಗಾರ್ಡ್ ಇದ್ದರೆ ಮೇಲಿನ ಲೆಕ್ಕವೆಲ್ಲ ಬದಲು. ಅದರ ಬೋಲ್ಟು ನೇರ ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ ಹೋಗಿರುತ್ತದೆ, ಮೊದಲು ಅದನ್ನೇ ಬಿಚ್ಚಬೇಕು. ಬಿಚ್ಚಿದ ಮೇಲೆ ಮತ್ತೆ ಹಾಕಲೂಬೇಡಿ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಇದು ಕಾನೂನುಬಾಹಿರ ಅಂತ ರಾಜ್ಯಗಳಿಗೆ ಬರೆದಿದೆ. ಡಿಕ್ಕಿಯ ಪೆಟ್ಟನ್ನು ಪ್ಲಾಸ್ಟಿಕ್ಕು, ಫೋಮು ತಿನ್ನಬೇಕು. ಗಾರ್ಡ್ ಅದನ್ನು ನೇರ ಚಾಸಿಗೆ ದಾಟಿಸುತ್ತದೆ, ಎದುರಿಗೆ ಸಿಕ್ಕ ಮನುಷ್ಯನಿಗಂತೂ ಕೇಡು.

ಹಿಂದಿನ ಬಂಪರ್ ಬಗ್ಗೆ ಚುಟುಕಾಗಿ. ಮೊದಲು ಡಿಕ್ಕಿ ತೆರೆಯಬೇಕು (ಸಾಮಾನು ಇಡುವ ಡಿಕ್ಕಿ, ಹೊಡೆಯುವ ಡಿಕ್ಕಿ ಅಲ್ಲ). ಬಹಳ ಗಾಡಿಗಳಲ್ಲಿ ಟೇಲ್ ಲ್ಯಾಂಪ್ ತೆಗೆದರೆ ಅದರ ಹಿಂದೆ ಎರಡು ಬೋಲ್ಟು ಸಿಗುತ್ತವೆ. ಪಾರ್ಕಿಂಗ್ ಸೆನ್ಸರ್ ತಂತಿ ನೆನಪಿರಲಿ. ಉಳಿದದ್ದು ಮುಂದಿನಂತೆಯೇ.

ಬಿಚ್ಚಿದ ಮೇಲೆ ಸಿಕ್ಕಿದ್ದು

ಕೌದಿಯ ಮೇಲೆ ಬಂಪರ್ ಮಲಗಿಸಿ ನೋಡಿದೆವು. ಬಂಪರಿಗೆ ಏನೂ ಆಗಿರಲಿಲ್ಲ. ಎಡಗಡೆಯ ಬ್ರ್ಯಾಕೆಟ್ಟಿನ ನಾಲ್ಕು ಹಲ್ಲಿನಲ್ಲಿ ಎರಡು ಇಲ್ಲ. ಅಂಗೈ ಉದ್ದದ ಪ್ಲಾಸ್ಟಿಕ್ ತುಂಡು ಅದು, ಎರಡು ಸ್ಕ್ರೂಗೆ ಕೂರುತ್ತದೆ. ಹೊಸ ಬಂಪರಿನ ಬೆಲೆಯ ಮುಂದೆ ಅದರದ್ದು ಚಿಲ್ಲರೆ. ಕೊಳ್ಳುವಾಗ ಎಡ, ಬಲ ಅಂತ ಸರಿಯಾಗಿ ಹೇಳಿ. ಡ್ರೈವರ್ ಸೀಟಿನಲ್ಲಿ ಕೂತಾಗಿನ ಎಡ, ಗಾಡಿಯ ಎದುರು ನಿಂತಾಗಿನ ಎಡ ಅಲ್ಲ. ನಾನು ಒಂದು ಸಲ ಬಲದ್ದು ತಂದು ಮತ್ತೆ ಕಲಬುರಗಿಯ ಸುಪರ್ ಮಾರ್ಕೆಟ್ ಬಜಾರಿಗೆ ಓಡಿದ್ದೇನೆ.

ಫೋಮಿನ ಹಿಂದೆ ಇಲಿ ಗೂಡು ಕಟ್ಟಿತ್ತು. ತೊಗರಿ ಹೊಟ್ಟು, ಹತ್ತಿ, ಒಂದು ಬಿಸ್ಕೆಟ್ ಕಾಗದ. ಇಲಿ ಇದ್ದಲ್ಲಿ ತಂತಿ ಕಡಿದಿರುತ್ತದೆ, ಬೆರಳಾಡಿಸಿ ನೋಡಿ. ಫೋಮ್ ಮುರಿದಿದ್ದರೆ ಬದಲಿಸಿ, ಬಿಸಾಕಿ ಹಾಗೇ ಮುಚ್ಚಬೇಡಿ.

ಬಂಪರೇ ಸೀಳಿದ್ದರೆ ಒಳಮೈ ಮೇಲೆ ಅಕ್ಷರ ಹುಡುಕಿ. ಬಹಳಷ್ಟರ ಮೇಲೆ ಪಿಪಿ ಅಂತ ಅಚ್ಚಾಗಿರುತ್ತದೆ, ಅಂದರೆ ಪಾಲಿಪ್ರೊಪಿಲೀನ್. ಈ ಪ್ಲಾಸ್ಟಿಕ್ಕಿಗೆ ಮಾಮೂಲಿ ಗೋಂದು ಕಚ್ಚಲ್ಲ. ಹತ್ತು ರೂಪಾಯಿಯ ಟ್ಯೂಬ್ ಹಚ್ಚಿ ಒತ್ತಿ ಹಿಡಿದು ಕೂತರೆ ಬೆರಳು ಅಂಟುತ್ತದೆ, ಬಂಪರ್ ಅಂಟಲ್ಲ. ಬಿಸಿ ಮಾಡಿ ಬೆಸೆಯಬೇಕು. ಸೀಳಿನ ತುದಿಗೆ ಸಣ್ಣ ತೂತು ಕೊರೆದರೆ ಅದು ಮುಂದೆ ಓಡಲ್ಲ. ಆಮೇಲೆ ಒಳಗಿನಿಂದ, ಬಣ್ಣದ ಕಡೆಯಿಂದಲ್ಲ, ಸೋಲ್ಡರಿಂಗ್ ಕಬ್ಬಿಣದಿಂದ ತಂತಿಯ ಹೊಲಿಗೆ ಇಳಿಸಬೇಕು. ಕಿಟಕಿ ತೆರೆದಿರಲಿ, ಹೊಗೆ ಕುಡಿಯಬೇಡಿ.

ಮತ್ತೆ ಹಾಕುವಾಗ

ಮೊದಲು ತಂತಿ, ಆಮೇಲೆ ಎರಡೂ ಮೂಲೆಯ ಹಲ್ಲು, ಆಮೇಲೆ ಮೇಲಿನ ಸಾಲು. ಎಲ್ಲಾ ಬೋಲ್ಟುಗಳನ್ನೂ ಬೆರಳಿನಿಂದಲೇ ಎರಡು ಸುತ್ತು ಹಿಡಿಸಿ. ಒಂದನ್ನೂ ಬಿಗಿ ಮಾಡಬೇಡಿ. ಬಾನೆಟ್ ಇಳಿಸಿ, ಎರಡೂ ಕಡೆ ಸಂದು ಸಮ ಇದೆಯಾ ನೋಡಿ, ಆಮೇಲೆ ಬಿಗಿ. ಮೊದಲನೆಯದನ್ನೇ ಪೂರ್ತಿ ಬಿಗಿದರೆ ಕೊನೆಯ ತೂತು ಯಾವತ್ತೂ ಕೂಡಿ ಬರಲ್ಲ. ಪ್ಲಾಸ್ಟಿಕ್ಕಿಗೆ ಬೋಲ್ಟಿನ ತಲೆ ತಾಗಿದ ಮೇಲೆ ಕಾಲು ಸುತ್ತು ಸಾಕು.

ಬ್ಯಾಟರಿ ಜೋಡಿಸಿ ಚಾವಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಗಾಡಿ ತೆಗೆಯಬೇಡಿ, ಚಾವಿ ತೆಗೆದು ಬ್ಯಾಟರಿ ಬಿಚ್ಚಿ ಕನೆಕ್ಟರ್‌ಗಳನ್ನು ಮತ್ತೆ ನೋಡಿ. ಆಗಲೂ ಆರದಿದ್ದರೆ ಗ್ಯಾರೇಜೇ ಗತಿ.

ಸಂಜೆ ರಟ್ಟಿನ ಮೇಲಿನ ತೂತೆಲ್ಲ ಖಾಲಿ. ಆದರೂ ಅಣ್ಣನ ಮಗನ ಅಂಗೈಯಲ್ಲಿ ಒಂದು ಹತ್ತು ನಂಬರಿನ ಬೋಲ್ಟು ಉಳಿದಿತ್ತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಮತ್ತೆ ಸಾಲಾಗಿ ಎಣಿಸಿದೆವು, ಎಲ್ಲಾ ತೂತೂ ತುಂಬಿವೆ.

"ಇದು ಎಲ್ಲಿ ಸಿಕ್ತೋ ನಿನಗ?"

"ಅಂಡರ್ ಕವರಿನಾಗ ಬಿದ್ದಿತ್ತು ಕಾಕಾ. ಬಿಚ್ಚೋ ಮುಂಚೇನೇ."

ತುಕ್ಕು ಹಿಡಿದಿತ್ತು. ಹಿಂದೆ ಯಾವಾಗಲೋ ಸರ್ವಿಸ್ ಮಾಡಿದವರ ಕೈಯಿಂದ ಜಾರಿ ಅಲ್ಲೇ ಉಳಿದಿರಬೇಕು. ಆ ಕಟಕಟ ಸದ್ದು ಅದರದ್ದೇ.